ಬಣ್ಣದ ಕೆಳಗಿನ ಬೋಲ್ಟು

ಮೋಟಾರು ಗಾಡಿಗಳ ಕರೆಂಟಿನ ಕೆಲಸದಲ್ಲಿ ನಾನು ಮೂವತ್ತೆಂಟು ವರ್ಷ ಕಳೆದೆ. ಈಗ ಈ ಕೆಲಸಕ್ಕೆ ಬರುವವರು ಓದಿಕೊಂಡು ಬರುತ್ತಾರೆ, ಕೈಯಲ್ಲಿ ಮೀಟರು ಹಿಡಿದಿರುತ್ತಾರೆ. ಅವರಲ್ಲಿ ಕೆಲವರು ಮನೆಗೆ ಬಂದು, ಮೀಟರಿಲ್ಲದ ಕಾಲದಲ್ಲಿ ದೋಷವನ್ನು ಹೇಗೆ ಹುಡುಕುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕು ಜಮಾತು. ಕನ್ನಡ ಬರೆಯುವುದನ್ನು ಮಗಳ ಶಾಲೆಯ ಪುಸ್ತಕಗಳಿಂದ ಕಲಿತೆ. ತಪ್ಪು ಕಂಡರೆ ತಿದ್ದಿಕೊಂಡು ಓದಿರಿ.

ಬರೆಯಲು ಇನ್ನೊಂದು ಕಾರಣವೂ ಇದೆ. ನನ್ನ ಅಣ್ಣ ತಿಮ್ಮಣ್ಣ ಡ್ರೈವರ್ ಆಗಿದ್ದ. ಅವನ ಕೆಲಸ ಹೋದದ್ದು ನನ್ನಿಂದ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ನನ್ನನ್ನು ಗ್ಯಾರೇಜಿಗೆ ಸೇರಿಸಿದವನೂ ಅವನೇ. ರಾಯಚೂರು ಸ್ಟೇಶನ್ನಿನ ಹಿಂಬದಿಗೆ, ಅಕ್ಕಿ ಗಿರಣಿಗಳ ಸಾಲಿನಲ್ಲಿ ಒಬ್ಬ ಸಾಹುಕಾರರ ಮೋಟಾರು ಸರ್ವಿಸ್ ಇತ್ತು. ನಾಲ್ಕು ಬಸ್ಸು, ತಗಡಿನ ಒಂದು ಶೆಡ್ಡು. ಆಗ ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಹೊಗೆಯಲ್ಲಿ ಇಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ನಡೆಯುತ್ತಿದ್ದರು, ಬಸ್ಸು ಅವರ ಹಿಂದೆ ಬರುತ್ತಿತ್ತು. ಅಣ್ಣ ಇಂಥ ಒಂದು ಬಸ್ಸನ್ನು ಮಾನ್ವಿಗೆ ಹೊಡೆಯುತ್ತಿದ್ದ. ಮುಖ ಸದಾ ಕಪ್ಪಾಗಿರುತ್ತಿತ್ತು.

ಶೆಡ್ಡಿನ ಹಿರಿಯರು ಉಸ್ತಾದ್ ಮೌಲಾಸಾಬರು. ಅಣ್ಣ ನನ್ನನ್ನು ಅವರ ಮುಂದೆ ನಿಲ್ಲಿಸಿ, “ಇವ ನನ್ನ ತಮ್ಮ ಹುಸೇನಪ್ಪ. ಉರ್ದು ಬರಿತಾನ. ಕೈ ಚಲೋ ಅದ. ಇವ ತಪ್ಪು ಮಾಡಿದ್ರ ನನ್ನನ್ನ ಕೇಳ್ರಿ” ಎಂದಿದ್ದ. ಉಸ್ತಾದರು ನಕ್ಕು, “ಜಾಮೀನು ದೊಡ್ಡದು ಕೊಟ್ಟಿ, ತಿಮ್ಮಣ್ಣ” ಎಂದರು.

ಉಸ್ತಾದರ ಹತ್ತಿರ ಇದ್ದ ಪರೀಕ್ಷೆಯ ಸಾಮಾನು ಒಂದೇ: ಎರಡು ವಾಯರು ಬೆಸೆದ ಒಂದು ಬಲ್ಬು. ಅದು ಎಷ್ಟು ಕೆಂಪಗೆ, ಎಷ್ಟು ಬೆಳ್ಳಗೆ ಹತ್ತುತ್ತದೆ ಎಂಬುದರ ಮೇಲೆ ಅವರು ಎಲ್ಲವನ್ನೂ ಹೇಳುತ್ತಿದ್ದರು. ನನಗೆ ಕಲಿಸಿದ ಮೊದಲ ಪಾಠ ಇದು.

“ಕರೆಂಟು ಬ್ಯಾಟರಿ ಬಿಟ್ಟು ದೀಪಕ್ಕ ಹೋದ್ರ ಸಾಲಂಗಿಲ್ಲೋ. ತಿರುಗಿ ಬ್ಯಾಟರೀಗಿ ಬರಬೇಕು. ಹೋಗಾಕ ವಾಯರ್ ಅದ. ಬರಾಕ ಎಲ್ಲದ?”

ನಾನು ಬಗ್ಗಿ ಇನ್ನೊಂದು ವಾಯರು ಹುಡುಕಿದೆ. ಅವರು ಬೋಲ್ಟು ಬಿಗಿಯುವ ಪಾನಾದಿಂದ ಗಾಡಿಯ ಅಡಿಚೌಕಟ್ಟಿನ, ಅಂದರೆ ಚಾಸಿಯ, ಕಬ್ಬಿಣವನ್ನು ಟಣ್ ಎಂದು ಹೊಡೆದರು. “ಇದಽ ದಾರಿ. ಗಾಡಿ ಮೈಯೆಲ್ಲಾ ದಾರಿ.” ಆಮೇಲೆ ಬ್ಯಾಟರಿಯಿಂದ ಚಾಸಿಗೆ ಕಟ್ಟಿದ್ದ ಹೆಣೆದ ತಾಮ್ರದ ಪಟ್ಟಿಯನ್ನು ತೋರಿಸಿದರು. ಒಂದು ಬೋಲ್ಟು ಅದನ್ನು ಕಬ್ಬಿಣಕ್ಕೆ ಹಿಡಿದಿತ್ತು. “ಇದಕ್ಕ ಅರ್ಥ್ ಪಟ್ಟಿ ಅಂತಾರ. ಇದು ಕುಂಡ್ರೋ ಜಾಗದಾಗ ಬಿಳಿ ಕಬ್ಬಿಣ ಕಾಣಬೇಕು. ತುಕ್ಕು ಬ್ಯಾಡ, ಎಣ್ಣಿ ಬ್ಯಾಡ, ಬಣ್ಣ ಬ್ಯಾಡ. ತಿಳೀತ?”

ತಿಳಿಯಿತು ಎಂದೆ. ತಿಳಿದೂ ಇತ್ತು.

ಬಂದು ಹೋಗುವ ದೋಷ ಎಂದರೇನೆಂದು ಮೊದಲು ಕಲಿತದ್ದು ಮಾನ್ವಿ ಬಸ್ಸಿನ ಹಾರ್ನಿನಿಂದ. ಊರು ಹತ್ತಿರ ಬಂದು ಬಸ್ಸು ಎಡಕ್ಕೆ ಹೊರಳುವಲ್ಲಿ ಹಾರ್ನು ತಾನೇ ಕೂಗುತ್ತಿತ್ತು. ಮಾನ್ವಿಯವರಿಗೆ ಅದು ತಮಾಷೆ. “ಬ್ಯಾರೆ ಊರಾಗ ಒತ್ತಿದ್ರ ಕೂಗ್ತದ, ನಮ್ಮೂರಿಗಿ ಬಂದ್ರ ತಾನಽ ಸಲಾಂ ಹೊಡಿತದ” ಎನ್ನುತ್ತಿದ್ದರು. ನಾನು ಶೆಡ್ಡಿನಲ್ಲಿ ಎರಡು ದಿನ ನೋಡಿದೆ. ಹಾರ್ನು ಒತ್ತಿದರೆ ಕೂಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ದೋಷವಿಲ್ಲ ಎಂದು ಉಸ್ತಾದರಿಗೆ ಹೇಳಿದೆ. ಅವರು ಅಣ್ಣನನ್ನು ಕರೆದು, ಯಾವಾಗ ಕೂಗುತ್ತದೆ ಎಂದು ಕೇಳಿದರು.

“ಎಡಕ್ಕ ಪೂರಾ ತಿರುವಿದಾಗ, ಉಸ್ತಾದ್. ಅರ್ಧ ತಿರುವಿದ್ರ ಇಲ್ಲ. ಬಲಕ್ಕ ತಿರುವಿದ್ರ ಇಲ್ಲ. ಗಾಡಿ ಖಾಲಿ ಇದ್ರ ಒಮ್ಮೊಮ್ಮೆ ಇಲ್ಲ.”

“ಕೇಳಿದ್ಯಾ? ಅರ್ಧ ಕೆಲಸ ಇವಽ ಮಾಡ್ಯಾನ. ಹೋಗು, ಇವನ ಬಾಜೂಕ ಕುಂತು ಮಾನ್ವೀಗಿ ಹೋಗಿ ಬಾ.”

ಹೋದೆ. ಸ್ಟೀರಿಂಗಿನ ಕೊಳವೆಯ ಕೆಳಗೆ ತಲೆ ಹಾಕಿ ಕೂತೆ. ಎಡಕ್ಕೆ ಪೂರ್ತಿ ಹೊರಳಿದಾಗ ಸಿಪ್ಪೆ ಸವೆದ ಹಾರ್ನಿನ ವಾಯರು ಕಬ್ಬಿಣಕ್ಕೆ ತಾಗಿ ಕಿಡಿ ಬಿಟ್ಟಿತು. ಎರಡು ಸುತ್ತು ಬಟ್ಟೆಪಟ್ಟಿ ಸುತ್ತಿದೆ, ಮುಗಿಯಿತು. ಅಂದಿನಿಂದ ಮಾನ್ವಿಯವರು ಅಣ್ಣನನ್ನು ಕಂಡಾಗಲೆಲ್ಲ, “ನಿನ್ನ ತಮ್ಮ ನಮ್ಮ ಸಲಾಂ ಕಿತ್ತಾನಪ್ಪೋ” ಎಂದು ಗೋಳು ಹೊಯ್ದುಕೊಳ್ಳುತ್ತಿದ್ದರು.

ಆ ದಿನ ಕಲಿತದ್ದು ಎರಡು. ರಸ್ತೆಯ ದೋಷ ಶೆಡ್ಡಿನಲ್ಲಿ ಸಿಗುವುದಿಲ್ಲ. ಅದನ್ನು ಕಣ್ಣಾರೆ ಕಂಡವನು ಡ್ರೈವರ್ ಒಬ್ಬನೇ. ಅಣ್ಣ ಮಾತು ಕಡಿಮೆ ಆಡುತ್ತಿದ್ದ. ಆದರೆ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ, ಏನನ್ನೂ ಸೇರಿಸುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಸಾಹುಕಾರರು ಡೀಸೆಲ್ ಇಂಜಿನ್ನಿನ ಒಂದು ಬಸ್ಸು ತಂದರು. ರಾಯಚೂರಿನವರು ನೋಡಲು ಬಂದು ಹೋದರು. ಅದನ್ನು ಅಣ್ಣನ ಕೈಗೆ ಕೊಟ್ಟು ರಾಯಚೂರು, ದೇವದುರ್ಗ, ಜಾಲಹಳ್ಳಿ ದಾರಿಗೆ ಬಿಟ್ಟರು. ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕು.

ಹೊಸಬರು ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ಪೆಟ್ರೋಲ್ ಇಂಜಿನ್ನಿಗೆ ಪ್ರತಿ ಕಿಡಿಗೂ ಕರೆಂಟು ಬೇಕು. ಕರೆಂಟು ಕೆಟ್ಟರೆ ಇಂಜಿನ್ ಕೆಮ್ಮುತ್ತದೆ, ನಿಲ್ಲುತ್ತದೆ. ದೋಷ ಇದೆ ಎಂದು ಯಾರೂ ವಾದ ಮಾಡಬೇಕಿಲ್ಲ. ನಮ್ಮ ಆ ಡೀಸೆಲ್ ಇಂಜಿನ್ ಹಾಗಲ್ಲ. ಒಮ್ಮೆ ಚಾಲೂ ಆದರೆ ಕರೆಂಟು ಇರಲಿ ಬಿಡಲಿ ಓಡುತ್ತಿತ್ತು. ಹೋಗುವುದು ದೀಪ, ಹಾರ್ನು, ಮತ್ತು ಇಂಜಿನ್ನನ್ನು ಚಾಲೂ ಮಾಡುವ ಸೆಲ್ಫ್. ಪೆಟ್ರೋಲ್ ಗಾಡಿಗಳಲ್ಲಿ ಕಲಿತ ನಮ್ಮಂಥವರಿಗೆ, ಓಡುತ್ತಿರುವ ಗಾಡಿಯಲ್ಲಿ ಕರೆಂಟು ಕೆಟ್ಟಿದೆ ಎಂಬುದು ತಲೆಗೆ ಹೋಗುತ್ತಿರಲಿಲ್ಲ.

ಆ ವರ್ಷದ ದಸರೆ ಬಂತು. ಆಯುಧಪೂಜೆಗೆ ಮೊದಲು ಗಾಡಿಗಳನ್ನು ತೊಳೆದು ಬಣ್ಣ ಹಚ್ಚುವುದು ಶೆಡ್ಡಿನ ಪದ್ಧತಿ. ಮೈಗೆ ಹಸಿರು, ಗಾಲಿಗೆ ಕೆಂಪು, ಚಾಸಿಗೆ ಕರಿ ಬಣ್ಣ. ಮೌಲಾಸಾಬರು ಪ್ರತಿ ವರ್ಷ ತಾವೇ ನಿಂತು ಮಾಡಿಸುತ್ತಿದ್ದರು. ಪೂಜೆಯ ದಿನ ಮಂಡಕ್ಕಿ, ಕೊಬ್ಬರಿ ಮೊದಲು ಅವರ ಕೈಗೆ. ಆ ಸಲ ಅವರು ಇರಲಿಲ್ಲ. ಕಣ್ಣು ಮಂದವಾಗುತ್ತ ಬಂದು, ಔಷಧಕ್ಕೆಂದು ಹೈದರಾಬಾದಿಗೆ ಮಗಳ ಮನೆಗೆ ಹೋಗಿದ್ದರು. ಅವರ ಜಾಗಕ್ಕೆ ನನ್ನನ್ನು ಮಿಸ್ತ್ರಿ ಮಾಡಬಹುದು ಎಂಬ ಮಾತು ಶೆಡ್ಡಿನಲ್ಲಿ ಓಡಾಡುತ್ತಿತ್ತು. ಸಾಹುಕಾರರು ಪೂಜೆಗೆ ಬರುತ್ತಾರೆ, ಹೊಸ ಬಸ್ಸನ್ನು ಬಗ್ಗಿ ನೋಡುತ್ತಾರೆ ಎಂದು ನಾನು ಬ್ಯಾಟರಿ ಇಳಿಸಿ, ಅರ್ಥ್ ಪಟ್ಟಿ ಬಿಚ್ಚಿ, ಅದು ಕೂರುವ ಜಾಗವನ್ನೂ ಬಿಡದೆ ಚಾಸಿಗೆ ಎರಡು ಸಲ ಕರಿ ಬಣ್ಣ ಹೊಡೆದೆ. ಒಣಗಿದ ಮೇಲೆ ಪಟ್ಟಿ ಕೂರಿಸಿ ಬೋಲ್ಟು ಬಿಗಿದೆ. ಕೆರೆಯಬೇಕು ಎಂಬುದು ನೆನಪಿಗೆ ಬಂದಿತ್ತು. ಹೊಳೆಯುವ ಬಣ್ಣವನ್ನು ಕೆರೆಯಲು ಮನಸ್ಸು ಬರಲಿಲ್ಲ. ಸೆಲ್ಫ್ ಒತ್ತಿದೆ, ಹಿಡಿಯಿತು. ಬೋಲ್ಟಿನ ಮೂಲಕ ಎಲ್ಲೋ ಒಂದಿಷ್ಟು ತಾಗುತ್ತಿತ್ತು, ಅಷ್ಟೇ.

ಹಬ್ಬವಾಗಿ ವಾರಕ್ಕೆ ಅಣ್ಣನ ದೂರು ಶುರುವಾಯಿತು. ಡ್ರೈವರ್‌ಗಳು ಬಾಯಲ್ಲಿ ಹೇಳಿದ್ದನ್ನು ರಿಜಿಸ್ಟರಿನಲ್ಲಿ ಉರ್ದುವಿನಲ್ಲಿ ಬರೆಯುವುದು ನನ್ನ ಕೆಲಸ. ಒಂದು ಕಡೆ ದೂರು, ಎದುರಿಗೆ ಸಿಕ್ಕ ದೋಷ. ಅಣ್ಣನಿಗೆ ಓದಲು ಬರೆಯಲು ಬರುತ್ತಿರಲಿಲ್ಲ.

“ದೇವದುರ್ಗದಾಗ ಸೆಲ್ಫ್ ಹಿಡೀಲಿಲ್ಲ. ಟಕ್ ಅಂತದ, ಸುಮ್ಮಾಗ್ತದ” ಎಂದ.

ನಾನು ಒತ್ತಿ ನೋಡಿದೆ, ಹಿಡಿಯಿತು. ಎದುರಿಗೆ ‘ಖರಾಬಿ ಇಲ್ಲ’ ಎಂದು ಬರೆದೆ.

ಮತ್ತೊಂದು ದಿನ ಅಣ್ಣನ ಜೊತೆಗೇ ಶೆಡ್ಡಿನಲ್ಲಿ ಇಳಿದ ದೇವದುರ್ಗದ ಬಳೆಗಾರ ಮುದುಕ ಹೇಳಿದ: “ನಿಮ್ಮ ಮೋಟಾರಿಗಿ ಭಾಳ ಮರ್ಯಾದಿ ಅದರೀ. ನಾವೆಲ್ಲಾ ಇಳದು ನೂಕಾಕ ಹಿಂದ ಹೋದ್ವಿ. ಕೈ ಹಚ್ಚೂದ್ರಾಗ ತಾನಽ ಚಾಲೂ ಆತು. ಮಂದೀಗಿ ತ್ರಾಸ ಕೊಡಬಾರ್ದು ಅಂತ ಅದಕ್ಕ ತಿಳಿತದ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಅಣ್ಣ ನಗಲಿಲ್ಲ.

“ಅವ ಹೇಳೋದು ಖರೆ ಅದ ಹುಸೇನಾ. ಮಂದಿ ಕುಂತಾಗ ಹಿಡಿಯಂಗಿಲ್ಲ. ಇಳದ್ರ ಹಿಡಿತದ. ದೀಪಾನೂ ಹಂಗಽ. ಜೋರು ಹೊಂಟಾಗ ಕಣ್ಣು ಕುಕ್ಕಂಗ ಹತ್ತತಾವ, ಹಳ್ಳದಾಗ ಸಾವಕಾಶ ಇಳಿಸಿದ್ರ ಪೂರಾ ಹೋಗ್ತಾವ.”

“ಇಂಜಿನ್ ನಿಂತದೇನು?”

“ಇಲ್ಲ.”

“ಮತ್ತ ಕರೆಂಟು ಎಲ್ಲಿ ಹೋಗ್ತದ? ಅಣ್ಣಾ, ನಿನಗ ಕತ್ತಲಿ ಅಂಜಿಕಿ ಹತ್ತೇದ.”

ಇದನ್ನು ನಾನು ನಾಲ್ಕು ಜನರ ಮುಂದೆ ಹೇಳಿದೆ. ತಮಾಷೆಗೆ ಹೇಳಿದೆ.

ಅವನು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಬ್ಯಾಟರಿಯ ಅರ್ಥ್ ಸಡಿಲವಾದರೆ ದೀಪಗಳು ಬರೀ ಡೈನಮೊ ಮೇಲೆ, ಎಂದರೆ ಇಂಜಿನ್ ತಿರುಗಿದಂತೆ ಕರೆಂಟು ಹುಟ್ಟಿಸುವ ಯಂತ್ರದ ಮೇಲೆ, ನಿಲ್ಲುತ್ತವೆ. ಗಾಡಿ ಜೋರಾಗಿ ಹೋದರೆ ಕರೆಂಟು ವಿಪರೀತವಾಗಿ ಬಲ್ಬು ಸುಡುತ್ತವೆ, ನಿಧಾನವಾದರೆ ದೀಪ ಆರುತ್ತವೆ. ಜನ ತುಂಬಿದಾಗ ಚಾಸಿ ಬಾಗುತ್ತದೆ, ಬೋಲ್ಟು ಕೂದಲೆಳೆಯಷ್ಟು ಸರಿಯುತ್ತದೆ. ಜನ ಇಳಿದರೆ ತಿರುಗಿ ತಾಗುತ್ತದೆ. ಆ ತಿಂಗಳಲ್ಲಿ ನಾಲ್ಕು ಬಲ್ಬು ಹೋದವು. ರಸ್ತೆ ಕೆಟ್ಟದ್ದು ಎಂದು ಹೊಸದು ಹಾಕಿದೆ. ಮಾನ್ವಿ ಹಾರ್ನಿನ ಪಾಠ ಮರೆತಿರಲಿಲ್ಲ. ಆದರೆ ದೇವದುರ್ಗದ ದಾರಿಯ ದೂಳಿನಲ್ಲಿ ಇಡೀ ದಿನ ಕೂತು ಬರುವುದು ಮಿಸ್ತ್ರಿ ಆಗಲಿರುವವನಿಗೆ ಬೇಡವೆನಿಸಿತ್ತು.

ಆಮೇಲೆ ಸಾಹುಕಾರರ ಬೀಗರ ದಿನ ಬಂತು. ಸಾಹುಕಾರರ ಮಗಳನ್ನು ಕೊಟ್ಟ ಮನೆಯವರು ಜಾಲಹಳ್ಳಿಯಲ್ಲಿ ಬಸ್ಸು ಹತ್ತಿದ್ದರು. ರಾಯಚೂರಿಗೆ ಬಂದು ಮದುವೆಯೊಂದಕ್ಕೆ ರೈಲು ಹಿಡಿಯಬೇಕಿತ್ತು. ಅಂದು ಬಸ್ಸು ತಡವಾಗಿ, ದೇವದುರ್ಗಕ್ಕೆ ಬರುವ ಮೊದಲೇ ಕತ್ತಲಾಯಿತು. ಹಳ್ಳದಲ್ಲಿ ದೀಪ ಆರಿ, ಎದುರಿಗೆ ಬಂದ ಹತ್ತಿಯ ಬಂಡಿಯೊಂದು ಗೇಣಂತರದಲ್ಲಿ ತಪ್ಪಿತು. ಅಣ್ಣ ದೇವದುರ್ಗದಲ್ಲಿ ಬಸ್ಸು ನಿಲ್ಲಿಸಿ, ಬೆಳಗಾಗುವವರೆಗೆ ತೆಗೆಯುವುದಿಲ್ಲ ಎಂದ. ಬೀಗರು ಬೈದರು, ಅವನು ಕೇಳಲಿಲ್ಲ. ಅವರ ರೈಲು ತಪ್ಪಿತು.

ಮರುದಿನ ಹತ್ತು ಗಂಟೆಗೆ ಬಸ್ಸು ಶೆಡ್ಡಿಗೆ ಬಂತು. ಬೀಗರು ನೇರ ಸಾಹುಕಾರರ ಮನೆಗೆ ಹೋದರು. ಅಣ್ಣ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ತಮ್ಮಾ, ಇವತ್ತ ನನ್ನ ಕೆಲಸ ಉಳಿಯೋದು ನಿನ್ನ ಕೈಯಾಗದ. ಭಾರಕ್ಕ ಏನರ ಸರೀತದೇನು, ಅಷ್ಟು ನೋಡು.”

ಹೇಳಿ ಚಹಾ ಕುಡಿಯಲು ಹೋದ. ಭಾರಕ್ಕೆ ಸರಿಯುವುದು ಎಂದಾಗ ನನಗೆ ತಟ್ಟನೆ ಹೊಳೆಯಿತು. ಕೆಳಗೆ ಮಲಗಿ ಬೋಲ್ಟು ಬಿಚ್ಚಿದೆ. ಪಟ್ಟಿಯ ಕೆಳಗೆ ದಸರೆಯ ಕರಿ ಬಣ್ಣ ಹಾಗೆಯೇ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ಜೋಳದ ಕಾಳಿನಷ್ಟು ಜಾಗದಲ್ಲಿ ಬಣ್ಣ ಸುಟ್ಟು ಕಬ್ಬಿಣ ಕಾಣುತ್ತಿತ್ತು. ಇಡೀ ಬಸ್ಸಿನ ಕರೆಂಟು ಆ ಕಾಳಿನಷ್ಟರ ಮೇಲೆ ಹೋಗಿ ಬಂದು ಮಾಡುತ್ತಿತ್ತು.

ಚಾಕುವಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಕೆರೆದೆ. ಪಟ್ಟಿ ಕೂರಿಸಿ ಬಿಗಿದೆ. ಕೆಳಗೆ ಬಿದ್ದ ಕರಿ ಪುಡಿಯನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಒಲೆಗೆ ಹಾಕಿದೆ. ಕಾಲು ಗಂಟೆಯ ಕೆಲಸ. ಯಾರೂ ನೋಡಲಿಲ್ಲ.

ಸಾಹುಕಾರರು ಬಂದರು. ಪಕ್ಕದ ಗಿರಣಿಯ ಹಮಾಲರನ್ನು ಕರೆಸಿ ಬಸ್ಸಿನ ತುಂಬ ಕೂರಿಸಿದರು.

“ಮಂದಿ ಕುಂತ್ರ ಹಿಡಿಯಂಗಿಲ್ಲ ಅಂತೀಯಲ್ಲ. ಈಗ ಒತ್ತು.”

ಅಣ್ಣ ಒತ್ತಿದ. ಒಂದೇ ಸಲಕ್ಕೆ ಹಿಡಿಯಿತು. ನಿಲ್ಲಿಸಿ ಮತ್ತೆ ಒತ್ತಿದ, ಹಿಡಿಯಿತು. ಶೆಡ್ಡಿನ ನೆರಳಿನಲ್ಲಿ ದೀಪ ಹಚ್ಚಿ ಇಂಜಿನ್ ನಿಧಾನ ಮಾಡಿದ, ಜೋರು ಮಾಡಿದ. ದೀಪ ಅಲುಗಾಡಲಿಲ್ಲ. ಒಳಗಿದ್ದ ಹಮಾಲನೊಬ್ಬ, “ಡ್ರೈವರಣ್ಣಾ, ಹಂಗಽ ಹೈದ್ರಾಬಾದಿಗಿ ಬಿಡು” ಎಂದ. ಒಳಗೆಲ್ಲ ನಗು.

ಸಾಹುಕಾರರು ನನ್ನ ಕಡೆ ತಿರುಗಿದರು. “ಹುಸೇನಪ್ಪ, ಅಣ್ಣ ತಮ್ಮ ಅನ್ನೋದು ಬಾಜೂಕ ಇಡು. ಗಾಡಿಯಾಗ ಏನರ ಖರಾಬಿ ಇತ್ತೇನು?”

ಹೌದು ಎಂದಿದ್ದರೆ ನನ್ನ ಮಿಸ್ತ್ರಿಗಿರಿ ಹೋಗುತ್ತಿತ್ತು, ಅಷ್ಟೇ. ನನ್ನ ಕೆಲಸ ಉಳಿಯುತ್ತಿತ್ತು ಎಂದು ಈಗ ಅನಿಸುತ್ತದೆ.

“ಏನೂ ಇರಲಿಲ್ಲರೀ” ಎಂದೆ.

ಅಣ್ಣ ಕೆಳಗಿಳಿದು ಬಂದು ಹತ್ತಿದ್ದ ದೀಪದ ಗಾಜಿನ ಮೇಲೆ ಅಂಗೈ ಇಟ್ಟ. “ನಿನ್ನಿ ಆರಿತ್ತು” ಎಂದ, ಯಾರಿಗೂ ಅಲ್ಲ. ಅಂದೇ ಅವನ ಲೆಕ್ಕ ಮುಗಿಸಿ ಕಳಿಸಿದರು. ನಾನು ತಮಾಷೆಗೆ ಆಡಿದ ಮಾತು ಡ್ರೈವರ್‌ಗಳ ಬಾಯಿಂದ ಬಾಯಿಗೆ ಹೋಯಿತು. ಕತ್ತಲಂಜಿ ತಿಮ್ಮ ಎಂದು ಅವನಿಗೆ ಹೆಸರಾಯಿತು. ಕತ್ತಲಿಗೆ ಅಂಜುವವನಿಗೆ ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಯಾರೂ ಗಾಡಿ ಕೊಡಲಿಲ್ಲ. ಅವನು ಹೆಂಡತಿಯ ಊರು ಗುಂಜಹಳ್ಳಿಗೆ ಹೋಗಿ ಅವರ ಹೊಲದಲ್ಲಿ ದುಡಿಯತೊಡಗಿದ.

ಉಸ್ತಾದರು ತಿರುಗಿ ಬಂದಾಗ ಅವರಿಗೆ ಕಣ್ಣು ಬಹಳ ಮಂದವಾಗಿತ್ತು. ಎಲ್ಲವನ್ನೂ ಬೆರಳಿನಿಂದ ನೋಡುತ್ತಿದ್ದರು. ಡೀಸೆಲ್ ಬಸ್ಸಿನ ಅರ್ಥ್ ಪಟ್ಟಿ ಬಿಚ್ಚಿಸಿ ಆ ಜಾಗವನ್ನು ಸವರಿದರು.

“ಯಾವಾಗ ಕೆರದಿ?”

“ಹಬ್ಬಕ್ಕ ಬಣ್ಣ ಹಚ್ಚೂಮುಂದ, ಉಸ್ತಾದ್.”

ಅವರು ಬೆರಳ ತುದಿಯನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದರು. “ಹಬ್ಬಕ್ಕ ಕೆರದಿದ್ರ ಬಣ್ಣದ ಅಂಚು ಇಷ್ಟು ಚೂಪು ಇರಂಗಿಲ್ಲಲ್ಲೋ” ಎಂದರು. ಪಟ್ಟಿಯನ್ನು ತಾವೇ ಕೂರಿಸಿ ಬೋಲ್ಟು ಬಿಗಿದರು. ಕೆಲಸ ಬಿಟ್ಟು ಹೊರಟ ದಿನ ಆ ಎರಡು ವಾಯರಿನ ಬಲ್ಬನ್ನು ನನ್ನ ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಇಟ್ಟು ಹೋದರು.

ನಾನು ಮಿಸ್ತ್ರಿ ಆದೆ. ಅದರ ಬಗ್ಗೆ ಬರೆಯುವುದೇನಿಲ್ಲ. ಮುಂದೆ ರಾಜ್ಯಗಳು ಬದಲಾದವು, ಸಾಹುಕಾರರ ಸರ್ವಿಸ್ ಮುಚ್ಚಿತು, ನಾನು ಬೇರೆ ಬೇರೆ ಕಡೆ ದುಡಿದೆ. ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಬಲ್ಬಿನ ಬದಲು ಮೀಟರು ಬಂತು. ನಾನು ಬದಲಾಯಿಸದ ಪದ್ಧತಿ ಒಂದೇ. ಪ್ರತಿ ಆಯುಧಪೂಜೆಯ ಮುಂಚೆ ಎಲ್ಲ ಗಾಡಿಗಳ ಅರ್ಥ್ ಪಟ್ಟಿ ನಾನೇ ಬಿಚ್ಚಿ, ಆ ಜಾಗಕ್ಕೆ ಬಟ್ಟೆ ಸುತ್ತಿ, ಆಮೇಲೆ ಬಣ್ಣಕ್ಕೆ ಬಿಡುತ್ತಿದ್ದೆ. ಬಣ್ಣ ಒಣಗಿದ ಮೇಲೆ ಮತ್ತೆ ಕೆರೆದು ಕೂರಿಸುತ್ತಿದ್ದೆ. ಜೊತೆಯವರು ಅದನ್ನು ಹುಸೇನಪ್ಪನ ಮಡಿ ಎಂದು ನಗುತ್ತಿದ್ದರು. ಕಾರಣ ಯಾರಿಗೂ ಹೇಳಲಿಲ್ಲ.

ನಿವೃತ್ತನಾದ ವರ್ಷ ಗುಂಜಹಳ್ಳಿಗೆ ಹೋದೆ. ಅಣ್ಣ ಜಗುಲಿಯಲ್ಲಿ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ನಡುವೆ ಮದುವೆ, ಮಣ್ಣು ಎಂದು ಎಷ್ಟೋ ಸಲ ಭೇಟಿಯಾಗಿದ್ದೆವು. ಆ ವಿಷಯ ಒಮ್ಮೆಯೂ ಬಂದಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಬಣ್ಣ, ಬೋಲ್ಟು, ಚಾಕು, ಒಲೆಗೆ ಹಾಕಿದ ಬಟ್ಟೆ.

ಅವನು ಹೊಸೆಯುವುದನ್ನು ನಿಲ್ಲಿಸದೆ ಕೇಳಿದ. ಕೊನೆಗೆ ನಕ್ಕ.

“ವಯಸ್ಸಾತಂತ ನನ್ನ ಮ್ಯಾಲ ಕನಿಕರ ಬಂದದೇನೋ ನಿನಗ?”

“ಖರೆ ಹೇಳಾಕತ್ತೀನಿ ಅಣ್ಣಾ. ದೀಪ ಆರ್ತಿದ್ವು. ನೀ ಹೇಳಿದ್ದೆಲ್ಲಾ ಸರಿ ಇತ್ತು.”

“ಬಿಡೋ ಮಾರಾಯ. ಮೊದಮೊದಲು ನಾನೂ ಹಂಗಽ ಅಂತಿದ್ದೆ. ಆಮ್ಯಾಲ ಕುಂತು ವಿಚಾರ ಮಾಡಿದೆ. ಅಷ್ಟು ಮಂದಿ ಮುಂದ ದೀಪ ಹತ್ತಿದ್ವು. ನೀನಽ ನೋಡಿ ಹೇಳಿದಿ. ನಾ ಕೈಹಿಡಿದು ಕೆಲಸಕ್ಕ ಹಚ್ಚಿದ ತಮ್ಮ ಎಲ್ಲಾರ ಮುಂದ ನಿಂತು ಸುಳ್ಳು ಹೇಳ್ತಾನೇನು? ನನಗಽ ಅಂಜಿಕಿ ಇತ್ತು. ಕಣ್ಣು ಕತ್ತಲಿ ಬಂದಿರಬೇಕು.”

“ಅಣ್ಣಾ...”

“ಎಲ್ಲಾರ ಮುಂದ ಹೇಳಿದ್ದು ಒಂದು, ಈಗ ಇಬ್ಬರಽ ಕುಂತಾಗ ಹೇಳೋದು ಒಂದು. ನಾ ಯಾವುದು ನಂಬಲಿ? ಏಳು, ರೊಟ್ಟಿ ಆಗ್ಯಾವ, ಉಣ್ಣು.”

ಉಂಡು ಬಂದೆ. ಆಮೇಲೆ ಇನ್ನೆರಡು ಸಲ ಹೋಗಿ ಹೇಳಿದೆ. ಅವನು ನಂಬಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ ಮನುಷ್ಯ ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ಹಿಡಿದಿದ್ದಾನೆ.

ಹಾಗಾಗಿ ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಅಚ್ಚಾದ ಮೇಲೆ ಅವನ ಮೊಮ್ಮಗಳು ಓದಿ ಹೇಳುತ್ತೇನೆ ಎಂದಿದ್ದಾಳೆ. ಆ ರಿಜಿಸ್ಟರು ಎಂದೋ ಗೆದ್ದಲು ತಿಂದು ಹೋಗಿರಬೇಕು. ಅದರಲ್ಲಿ ನಾನು ಬರೆದಿದ್ದ ಸಾಲನ್ನು ಇಲ್ಲಿ ತಿದ್ದುತ್ತೇನೆ.

ಗಾಡಿ: ದೇವದುರ್ಗದ ದಾರಿಯ ಡೀಸೆಲ್ ಬಸ್ಸು. ಡ್ರೈವರ್: ತಿಮ್ಮಣ್ಣ. ದೂರು: ಜನ ಕೂತಾಗ ಸೆಲ್ಫ್ ಹಿಡಿಯುವುದಿಲ್ಲ, ಹಳ್ಳದಲ್ಲಿ ದೀಪ ಆರುತ್ತವೆ. ಸಿಕ್ಕ ದೋಷ: ಅರ್ಥ್ ಪಟ್ಟಿಯ ಕೆಳಗೆ ಬಣ್ಣ. ಬಣ್ಣ ಹಚ್ಚಿದವನು: ಹುಸೇನಪ್ಪ. ಡ್ರೈವರ್ ಹೇಳಿದ್ದು ಸರಿ.